ಜರ್ಮೇನ್ ಎಂದರೆ ಏನು? ವಕೀಲರ ಉತ್ತರದಲ್ಲಿ ಬಂದಿರುವ ಒಂದು ಪದ

ಸೂಜಿದಾರ, ಹಾಸನ

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪದದ ಅರ್ಥ ಬೇಕಾಗಿದೆ. ನಿಘಂಟು ನೋಡಿ ಎಂದು ಮಾತ್ರ ಹೇಳಬೇಡಿ, ನೋಡಿಯೇ ಬಂದಿದ್ದೇನೆ.

ನನಗೆ ಈಗ ಐವತ್ತೆಂಟು. ಸಾಲಗಾಮೆ ರಸ್ತೆಗೆ ಹತ್ತಿದ ಒಂದು ಅಡ್ಡರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ತವರು ಸಕಲೇಶಪುರ ತಾಲೂಕು. ಅಜ್ಜನ ಕಾಲದ ಹನ್ನೊಂದು ಎಕರೆ ಚಿಲ್ಲರೆ ಕಾಫಿ ತೋಟ. 2010ರಲ್ಲಿ ಅಪ್ಪ ತೀರಿಕೊಂಡ ಮೇಲೆ ಇಬ್ಬರು ತಮ್ಮಂದಿರು ಅದನ್ನು ತಮ್ಮೊಳಗೇ ಪಾಲು ಮಾಡಿಕೊಂಡರು. ನನ್ನನ್ನು ಕೇಳಲಿಲ್ಲ. ನಾನೂ ಬಹಳ ವರ್ಷ ಕೇಳಲಿಲ್ಲ. ಹೋದ ವರ್ಷ ಕೇಳಿದೆ. ಹಬ್ಬಕ್ಕೆ ಬಂದವರು ಊಟ ಮಾಡಿ ಕೈ ತೊಳೆದು ಹೋದರೇ ಹೊರತು ಮಾತಿಗೆ ಮಾತು ಕೊಡಲಿಲ್ಲ. ಕೊನೆಗೆ ವಕೀಲರ ಮೂಲಕ ನೋಟಿಸು ಕಳಿಸಿದೆ.

ಆ ನೋಟಿಸಿನ ನಾಲ್ಕನೆಯ ಪ್ಯಾರಾ ನಾನೇ ಹಟ ಹಿಡಿದು ಬರೆಸಿದ್ದು. 1984ರಿಂದ 1991ರಲ್ಲಿ ಮದುವೆಯಾಗುವ ತನಕ ಮನೆಯ ಹಿಂದಿನ ಕಾಫಿ ನರ್ಸರಿಯನ್ನು ನೋಡಿಕೊಂಡವಳು ನಾನು. ಕಾಡುಮಣ್ಣು ಆರು ಪಾಲು, ಕೊಟ್ಟಿಗೆ ಗೊಬ್ಬರ ಎರಡು, ಮರಳು ಒಂದು, ಈ ಲೆಕ್ಕದಲ್ಲಿ ಕಲಸಿ ಪಾಲಿಥಿನ್ ಚೀಲ ತುಂಬಿ ತುಂಬಿ ಬೆರಳಿನ ಸಂದಿಯಲ್ಲಿ ಬಿರುಕು ಬಿಡುತ್ತಿತ್ತು. ಇಂದು ಫಸಲು ಕೊಡುತ್ತಿರುವ ಎಷ್ಟೋ ಗಿಡಗಳು ನನ್ನ ಕೈ ದಾಟಿ ಹೋದವು. ಆಮೇಲೆ ಅಮ್ಮ. ಹಾಸಿಗೆ ಹಿಡಿದ ಕೊನೆಯ ಹದಿನಾಲ್ಕು ತಿಂಗಳು ಅವರು ಇದ್ದದ್ದು ತೋಟದ ಮನೆಯಲ್ಲಲ್ಲ, ಹಾಸನದಲ್ಲಿ, ನನ್ನ ಹೊಲಿಗೆ ಯಂತ್ರದ ಪಕ್ಕದ ಕೋಣೆಯಲ್ಲಿ. ಇಷ್ಟನ್ನೂ ಬರೆಸಿದ್ದೆ.

ಮಂಗಳವಾರ ರಿಜಿಸ್ಟರ್ಡ್ ಅಂಚೆಯಲ್ಲಿ ತಮ್ಮಂದಿರ ವಕೀಲರ ಉತ್ತರ ಬಂತು. ಮೂರು ಪುಟ, ಪೂರ್ತಿ ಇಂಗ್ಲಿಷ್. ನಾಲ್ಕನೆಯ ಪ್ಯಾರಾಕ್ಕೆ ಒಂದೇ ಸಾಲಿನ ಉತ್ತರ, ಅದರಲ್ಲಿ ಈ ಪದ: ಜರ್ಮೇನ್. ಅಲ್ಲ ಎಂಬುದು ಅದರ ಹಿಂದೆಯೇ ಇದೆ, ಅಷ್ಟು ಗೊತ್ತಾಯಿತು. ನಾನು ಮೊದಲು ಜರ್ಮನ್ ಎಂದೇ ಓದಿಕೊಂಡೆ. ನಮ್ಮ ವಂಶದಲ್ಲಿ ಜರ್ಮನಿಗೆ ಹೋದವರು ಯಾರೂ ಇಲ್ಲ. ನನ್ನ ಅಂಗಡಿಯಲ್ಲಿ ಜರ್ಮನಿಯದು ಎಂದು ಹೇಳಿಕೊಳ್ಳಬಹುದಾದದ್ದು ಒಂದು ಕತ್ತರಿ ಮಾತ್ರ, ಅದೂ ಮಾರಿದವನ ಮಾತು ನಂಬಿದರೆ.

ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿದೆ. "ರೆಲವೆಂಟ್ ಎಂದರ್ಥ ಅಮ್ಮ" ಎಂದು ಹೇಳಿ ಇಟ್ಟ. ಒಂದು ಬೀಗ ತೆರೆಯಲು ಕೀಲಿ ಕೇಳಿದರೆ ಇನ್ನೊಂದು ಬೀಗ ಕೊಟ್ಟ ಹಾಗಾಯಿತು. ನಿಘಂಟಿನಲ್ಲಿ ನೋಡಿದರೆ ಪ್ರಸ್ತುತ, ಸುಸಂಗತ, ಸಂಬಂಧಪಟ್ಟ ಎಂದು ಮೂರು ಅರ್ಥ ಸಾಲಾಗಿ ನಿಂತಿವೆ. ಮೂರೂ ಒಂದೇ ಅಳತೆಯವಲ್ಲ ಎಂದು ನನಗೆ ಅನ್ನಿಸುತ್ತದೆ. ರವಿಕೆ ಎಂದ ಮಾತ್ರಕ್ಕೆ ಎಲ್ಲರ ರವಿಕೆಯೂ ಎಲ್ಲರಿಗೂ ಆಗುವುದಿಲ್ಲವಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಈ ಪದದ ಸರಿಯಾದ ಅರ್ಥವೇನು? ರೆಲವೆಂಟ್ ಎಂಬ ಪದ ಇರುವಾಗ ಇದೇಕೆ? ಮತ್ತು, ಇದು ಬೈಗುಳವೇ?

ಚುಟುಕು, ಅರಸೀಕೆರೆ

ಜರ್ಮೇನ್: ಪ್ರಸ್ತುತ. ಅಲ್ಲ ಸೇರಿದರೆ ಅಪ್ರಸ್ತುತ. ಬೈಗುಳವಲ್ಲ. ಉಚ್ಚರಿಸುವಾಗ ಒತ್ತು "ಮೇನ್" ಮೇಲೆ, ಜರ್ಮನ್‌ನಲ್ಲಿ "ಜರ್" ಮೇಲೆ. ಮುಗಿಯಿತು.

ಉಪನ್ಯಾಸಕ, ಚಿಕ್ಕಮಗಳೂರು

ಮುಗಿಯಲಿಲ್ಲ. ಇಂಗ್ಲಿಷ್ ಪಾಠ ಮಾಡಿ ಹೊಟ್ಟೆ ಹೊರೆದುಕೊಳ್ಳುವವನು ನಾನು, ಇಷ್ಟು ಒಳ್ಳೆಯ ಪ್ರಶ್ನೆಯನ್ನು ಎರಡು ಸಾಲಿಗೆ ಬಿಟ್ಟುಕೊಡಲಾರೆ.

ಮೊದಲು ಬೈಗುಳದ ವಿಷಯ. ತರಗತಿಯಲ್ಲಿ ಕರ್ಮಣಿ ಪ್ರಯೋಗ ಹೇಳಿಕೊಡುತ್ತಿರುವಾಗ ಕಿಟಕಿ ಪಕ್ಕದ ಹುಡುಗನೊಬ್ಬ ಎದ್ದು "ಸಾರ್, ಮುಳ್ಳಯ್ಯನಗಿರಿ ಪೂರ್ತಿ ಮಂಜಿನಲ್ಲಿ ಮುಚ್ಚಿಹೋಗಿದೆ" ಎಂದ. ನಾನೂ ನೋಡಿದೆ, ಮುಚ್ಚಿಹೋಗಿತ್ತು. ಅವನು ಹೇಳಿದ್ದು ಸುಳ್ಳಲ್ಲ, ಕೆಟ್ಟದ್ದೂ ಅಲ್ಲ. ಆದರೆ ಕರ್ಮಣಿ ಪ್ರಯೋಗಕ್ಕೂ ಅದಕ್ಕೂ ಏನೂ ಇಲ್ಲ. ಜರ್ಮೇನ್ ಅಲ್ಲ ಎನ್ನುವುದು ಇದನ್ನೇ. ನಿಮ್ಮ ನರ್ಸರಿ, ನಿಮ್ಮ ತಾಯಿಯ ಆರೈಕೆ ಸುಳ್ಳು ಎಂದು ಆ ವಕೀಲರು ಹೇಳಿಲ್ಲ. ಈ ವ್ಯಾಜ್ಯಕ್ಕೆ ಅದು ಸೇರುವುದಿಲ್ಲ ಎಂದಷ್ಟೇ ಹೇಳಿದ್ದಾರೆ.

ಇನ್ನು ಅಳತೆಯ ವಿಷಯ. ರೆಲವೆಂಟ್ ಎಲ್ಲ ಕಡೆಗೂ ಸಲ್ಲುವ ನಾಣ್ಯ. ಅದರ ಲ್ಯಾಟಿನ್ ಮೂಲದ ಅರ್ಥ ಮೇಲೆತ್ತುವುದು, ಭಾರ ಹಗುರ ಮಾಡುವುದು. ರಿಲೀಫ್ ಎಂಬ ಪದವೂ ಅದೇ ಬುಡದ್ದು. ಸ್ಕಾಟ್ಲೆಂಡಿನ ನ್ಯಾಯಾಲಯಗಳಲ್ಲಿ ಅದು ಹಿಂದೆ ಕಾನೂನಿನ ಪದವಾಗಿತ್ತು, ವಾದವನ್ನು ಎತ್ತಿ ಹಿಡಿಯಲು ಸಾಕಾಗುವಂಥದ್ದು ಎಂಬ ಅರ್ಥದಲ್ಲಿ. ನಾವು "ಮಾತೆತ್ತುವುದು" ಎನ್ನುವುದನ್ನು ನೆನೆದರೆ ತೀರ ದೂರದ್ದಲ್ಲ.

ಪರ್ಟಿನೆಂಟ್ ಇನ್ನೂ ಬಿಗಿ. ಅಲ್ಲಿಯವರೆಗೂ ಚಾಚುವುದು, ಎಟುಕುವುದು ಎಂದು ಅದರ ಮೂಲ. ಸಭೆಯಲ್ಲಿ ಒಬ್ಬರು ಪರ್ಟಿನೆಂಟ್ ಪ್ರಶ್ನೆ ಕೇಳಿದರು ಎಂದರೆ ಗಂಟಿನ ಮೇಲೇ ಬೆರಳಿಟ್ಟರು ಎಂದರ್ಥ. ಅದಕ್ಕೆ ವಿರುದ್ಧ ಪದ ಇಂಪರ್ಟಿನೆಂಟ್. ಮೊದಮೊದಲು ವಿಷಯಕ್ಕೆ ಸೇರದ್ದು ಎಂದಷ್ಟೇ ಅದರ ಅರ್ಥವಿತ್ತು, ಬರುಬರುತ್ತ ಉದ್ಧಟತನ ಎಂದಾಯಿತು. ಇಂಗ್ಲಿಷಿನವರು ಹೀಗೇಕೆ ಮಾಡಿದರು ಎಂದು ಬೆರಗಾಗುವ ಮೊದಲು ನಮ್ಮ "ಅಧಿಕಪ್ರಸಂಗ"ವನ್ನು ನೋಡಿಕೊಳ್ಳಿ. ಪ್ರಸಂಗಕ್ಕಿಂತ ಹೆಚ್ಚಾಗಿ ಆಡಿದವನು ಅಧಿಕಪ್ರಸಂಗಿ, ಅಂದರೆ ತಲೆಹರಟೆ. ಎರಡು ಭಾಷೆಗಳು ಒಂದನ್ನೊಂದು ನೋಡದೆಯೇ ಒಂದೇ ದಾರಿಯಲ್ಲಿ ನಡೆದಿವೆ. ವಿಷಯ ಬಿಟ್ಟು ಮಾತನಾಡುವವರ ಮೇಲೆ ಎಲ್ಲ ಊರಿನವರಿಗೂ ಒಂದೇ ಸಿಟ್ಟು ಎಂದು ಕಾಣುತ್ತದೆ.

ಆ್ಯಪೊಸಿಟ್ ಎಂದು ಇನ್ನೊಂದಿದೆ. ಪಕ್ಕದಲ್ಲಿ ತಂದು ಇಟ್ಟದ್ದು, ಸರಿಯಾಗಿ ಕೂತದ್ದು. ಒಂದು ಒಳ್ಳೆಯ ಗಾದೆಯನ್ನು ಸರಿಯಾದ ಹೊತ್ತಿಗೆ ಹೇಳಿದರೆ ಅದು ಆ್ಯಪೊಸಿಟ್. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಲ್ಲಿ ನಾಲ್ಕು ಜನ ಇದನ್ನು ಆಪೊಸಿಟ್ ಎಂದು ಓದಿ ಅರ್ಥವನ್ನು ತಲೆಕೆಳಗು ಮಾಡುತ್ತಾರೆ.

ಕನ್ನಡದ ಕಡೆ ಬಂದರೆ ಎಚ್ಚರ ಇನ್ನೂ ಹೆಚ್ಚು ಬೇಕು. "ಪ್ರಸ್ತುತ" ಎಂಬುದಕ್ಕೆ ಪತ್ರಿಕೆಗಳಲ್ಲಿ ಈಗಿನ ಎಂಬ ಅರ್ಥವೂ ಬಂದು ಕೂತಿದೆ. ಪ್ರಸ್ತುತ ಅಧ್ಯಕ್ಷರು ಎಂದರೆ ಈಗಿನ ಅಧ್ಯಕ್ಷರು, ವಿಷಯಕ್ಕೆ ಸೇರಿದ ಅಧ್ಯಕ್ಷರಲ್ಲ. "ಉಚಿತ" ಎಂದರೆ ತಕ್ಕದ್ದು, ಆದರೆ ಉಚಿತ ಸಲಹೆ ಎಂದು ಬೋರ್ಡು ಹಾಕಿದರೆ ಜನ ಬರುವುದು ತಕ್ಕ ಸಲಹೆ ಎಂದಲ್ಲ, ದುಡ್ಡಿಲ್ಲ ಎಂದು. ಇನ್ನು ಹಿಂದಿಯಲ್ಲಿ ಪ್ರಾಸಂಗಿಕ ಎಂದರೆ ರೆಲವೆಂಟ್. ಕನ್ನಡದಲ್ಲಿ "ಪ್ರಾಸಂಗಿಕವಾಗಿ ಒಂದು ಮಾತು" ಎಂದರೆ ಮುಖ್ಯ ವಿಷಯ ಬಿಟ್ಟು ನಡುವೆ ಹೇಳುವ ಮಾತು. ಹೆಚ್ಚುಕಡಿಮೆ ತದ್ವಿರುದ್ಧ. ಹಿಂದಿಯಿಂದ ಕಣ್ಣುಮುಚ್ಚಿ ಅನುವಾದಿಸುವವರು ಇಲ್ಲಿ ಬೀಳುತ್ತಾರೆ.

ನನ್ನ ಅನುಭವದಲ್ಲಿ ಈ ಗುಂಪಿನ ಪದಗಳೆಲ್ಲ "ಅ" ಸೇರಿದಾಗಲೇ ಜೀವ ತಳೆಯುತ್ತವೆ. ಅಪ್ರಸ್ತುತ, ಅಸಂಬದ್ಧ ಎಂದು ದಿನವೂ ಕೇಳುತ್ತೇವೆ. "ಬಹಳ ಸಂಬದ್ಧವಾಗಿ ಮಾತನಾಡಿದಿರಿ" ಎಂದು ಯಾರಾದರೂ ಹೊಗಳಿದ್ದುಂಟೇ? ಅಸಂಗತವಂತೂ ನಾಟಕಗಳ ಒಂದು ಪ್ರಕಾರಕ್ಕೇ ಹೆಸರಾಗಿ ಹೋಯಿತು. ಅಲಂಕಾರಶಾಸ್ತ್ರದಲ್ಲಿ ಅಪ್ರಸ್ತುತಪ್ರಶಂಸೆ ಎಂಬ ಅಲಂಕಾರವೇ ಇದೆ. ಬೇರೆ ಯಾವುದನ್ನೋ ವರ್ಣಿಸಿ, ಹೇಳಬೇಕಾದದ್ದನ್ನು ಓದುಗನಿಗೆ ಹೊಳೆಯಿಸುವುದು. ಕವಿಗೆ ಅಪ್ರಸ್ತುತವೂ ಬಂಡವಾಳ.

ಸೂಜಿದಾರ, ಹಾಸನ

ಸಾರ್, ಬಹಳ ಉಪಕಾರವಾಯಿತು. ಅಧಿಕಪ್ರಸಂಗದ ಮಾತು ಓದಿ ಅಂಗಡಿಯಲ್ಲಿ ಒಬ್ಬಳೇ ನಕ್ಕೆ, ಕಾಜಾ ಹೊಲಿಯುವ ಹುಡುಗಿ ತಲೆಯೆತ್ತಿ ನೋಡಿದಳು. ಆದರೆ ನಾನು ಕೇಳಿದ ಪದವನ್ನು ಬಿಟ್ಟು ಅದರ ನೆರೆಹೊರೆಯನ್ನೆಲ್ಲ ಮಾತನಾಡಿಸಿ ಬಂದಿರಿ. ಜರ್ಮೇನ್ ಎಲ್ಲಿಯದು? ಜರ್ಮನಿಗೂ ಅದಕ್ಕೂ ನಿಜವಾಗಿಯೂ ಏನೂ ಇಲ್ಲವೇ?

ಉಪನ್ಯಾಸಕ, ಚಿಕ್ಕಮಗಳೂರು

ತಪ್ಪು ಒಪ್ಪಿಕೊಂಡೆ. ಒಂದು ಕಾರಣವೂ ಇತ್ತು: ಹೇಳಿದರೆ ನಿಮಗೆ ನೋವಾಗಬಹುದು ಎಂದುಕೊಂಡು ತಪ್ಪಿಸಿದ್ದೆ.

ದೇಶದ ಹೆಸರಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಕಾಗಿಲ್ಲ. ಈ ಪದ ಲ್ಯಾಟಿನ್ನಿನ ಗೆರ್ಮಾನುಸ್ ಎಂಬುದರಿಂದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಗೆರ್ಮಾನುಸ್ ಎಂದರೆ ಒಂದೇ ತಂದೆತಾಯಿಗೆ ಹುಟ್ಟಿದ, ಸ್ವಂತ ಅಣ್ಣತಮ್ಮ ಅಥವಾ ಅಕ್ಕತಂಗಿ. ಸ್ಪೇನಿನವರು ಇವತ್ತಿಗೂ ಅಣ್ಣತಮ್ಮಂದಿರನ್ನು ಕರೆಯುವ ಎರ್ಮಾನೊ ಎಂಬ ಪದ ಅದೇ ಬೇರಿನದು. ಇಂಗ್ಲಿಷಿನಲ್ಲಿಯೂ ಕಸಿನ್ ಜರ್ಮನ್ ಎಂಬ ಹಳೆಯ ಪ್ರಯೋಗ ಇದೆ, ಒಡಹುಟ್ಟಿದವರ ಮಕ್ಕಳು ಪರಸ್ಪರ ಏನಾಗಬೇಕೋ ಅದು. ರಕ್ತಸಂಬಂಧದ ಈ ಪದವೇ ಆಮೇಲೆ ಮಾತಿನ ಸಂಬಂಧಕ್ಕೆ ಸರಿಯಿತು. ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದ ಕೊನೆಯ ಅಂಕದಲ್ಲಿ ಈ ಹೊಸ ಅರ್ಥ ಕಾಣುತ್ತದೆ. ಆಸ್ಥಾನದವನೊಬ್ಬ ಕತ್ತಿ ತೂಗುಹಾಕುವ ಪಟ್ಟಿಯನ್ನು, ಫಿರಂಗಿಯ ಗಾಡಿಗೆ ಹೇಳುವ ಪದದಿಂದ ಕರೆಯುತ್ತಾನೆ. ಸೊಂಟಕ್ಕೆ ಫಿರಂಗಿ ಕಟ್ಟಿಕೊಂಡು ಓಡಾಡುವ ಹಾಗಿದ್ದರೆ ಆ ಪದ ಇನ್ನಷ್ಟು ಜರ್ಮೇನ್ ಆಗುತ್ತಿತ್ತು ಎಂದು ಹ್ಯಾಮ್ಲೆಟ್ ಕುಟುಕುತ್ತಾನೆ.

ಹೀಗಾಗಿ ಜರ್ಮೇನ್ ಎಂದರೆ ಬರೀ ಸಂಬಂಧವಿರುವುದಲ್ಲ, ವಿಷಯಕ್ಕೆ ಒಡಹುಟ್ಟಿದಷ್ಟು ಹತ್ತಿರವಿರುವುದು. ವಕೀಲರು, ಶಾಸನಸಭೆಗಳವರು ಇದನ್ನು ಇಷ್ಟಪಡುವುದು ಅದಕ್ಕೇ. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 1789ರಿಂದಲೂ ಒಂದು ನಿಯಮವಿದೆ: ಮಸೂದೆಗೆ ತರುವ ತಿದ್ದುಪಡಿ ಆ ಮಸೂದೆಯ ವಿಷಯಕ್ಕೆ ಜರ್ಮೇನ್ ಆಗಿರಬೇಕು.

ನಿಮ್ಮ ತಮ್ಮಂದಿರ ಪತ್ರದಲ್ಲಿ ಈ ಪದವೇ ಬರಬೇಕಾಗಿತ್ತೇ ಎಂದು ನನಗೂ ಅನ್ನಿಸಿತು. ಅದಕ್ಕೆ ಸುಮ್ಮನಿದ್ದೆ.

ತೋಟದವನು, ಮೂಡಿಗೆರೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನರ್ಸರಿ ಎಂದು ಕಂಡದ್ದರಿಂದ ಓದಿದೆ. ಆರು, ಎರಡು, ಒಂದು ಎಂದು ಬರೆದಿದ್ದೀರಿ, ನಾವು ಈಗಲೂ ಅದೇ ಲೆಕ್ಕ.

ಉಪನ್ಯಾಸಕರಿಗೊಂದು ಪ್ರಶ್ನೆ. ಡಿಸೆಂಬರ್, ಜನವರಿಯಲ್ಲಿ ಬೀಜ ಊರುವ ಪಾತಿಗೆ ನಾವು ಜರ್ಮಿನೇಶನ್ ಬೆಡ್ ಎನ್ನುತ್ತೇವೆ. ಮೇಲೆ ಒಣಹುಲ್ಲು ಹೊದಿಸಿ ನೀರು ಚಿಮುಕಿಸುತ್ತಿದ್ದರೆ ಸುಮಾರು ನಲವತ್ತೈದು ದಿನಕ್ಕೆ ಮೊಳಕೆ ಮೇಲೇಳುತ್ತದೆ. ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ನಿಲ್ಲುವುದರಿಂದ ಆ ಹಂತಕ್ಕೆ ಟೋಪಿ ಎಂದು ಹೆಸರು. ಟೋಪಿ ಬಿದ್ದು ಎರಡು ಎಲೆ ಬಿಚ್ಚಿಕೊಂಡರೆ ಚಿಟ್ಟೆ. ಅಷ್ಟರೊಳಗೆ ಕಿತ್ತು ಚೀಲಕ್ಕೆ ಹಾಕಬೇಕು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು, ಅವರ ಕರಪತ್ರಗಳಲ್ಲಿಯೂ ಹೀಗೆಯೇ ಹೇಳುತ್ತಾರೆ. ಈ ಜರ್ಮಿನೇಶನ್‌ಗೂ ಆ ಜರ್ಮೇನ್‌ಗೂ ಏನಾದರೂ ಉಂಟೇ, ಅಥವಾ ನಾನೂ ಜರ್ಮನಿಗೆ ಹೋದೆನೇ?

ಉಪನ್ಯಾಸಕ, ಚಿಕ್ಕಮಗಳೂರು

ಜರ್ಮನಿಗೆ ಹೋಗಲಿಲ್ಲ, ಸರಿಯಾಗಿ ಬೇರಿಗೇ ಹೋದಿರಿ. ಲ್ಯಾಟಿನ್ನಿನಲ್ಲಿ ಗೆರ್ಮೆನ್ ಎಂದರೆ ಮೊಳಕೆ, ಚಿಗುರು. ಜರ್ಮಿನೇಶನ್ ಅಲ್ಲಿಂದ ಬಂತು. ಒಂದೇ ಮೊಳಕೆಯಿಂದ ಬಂದವರು ಎಂಬ ಭಾವದಲ್ಲಿ ಗೆರ್ಮಾನುಸ್ ಎಂಬುದನ್ನೂ ಅದಕ್ಕೇ ಜೋಡಿಸುತ್ತಾರೆ. ನಾವು "ಕುಡಿ" ಎನ್ನುವುದಿಲ್ಲವೇ? ಕುಂಬಳದ ಬಳ್ಳಿಯ ತುದಿಯೂ ಕುಡಿ, ವಂಶದ ಮಗುವೂ ಕುಡಿ.

ಪತ್ರ ಬರಹಗಾರ, ಬೇಲೂರು

ಮೂರು ದಿನದಿಂದ ಓದುತ್ತಿದ್ದೇನೆ. ಪದದ ಬೇರು, ಕುಡಿ ಎಲ್ಲ ಚೆನ್ನಾಗಿದೆ. ಆದರೆ ಈ ತಾಯಿಯ ಕೈಯಲ್ಲಿರುವುದು ಕಾವ್ಯವಲ್ಲ, ನೋಟಿಸು. ಮೂವತ್ತನಾಲ್ಕು ವರ್ಷ ಉಪನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ ಬರೆದವನು ನಾನು. ವಕೀಲನಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನ ಕಸುಬು ಹಗುರವೆಂದೂ ತಿಳಿಯಬೇಡಿ. ನಮ್ಮ ತಾಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಶಾಸನ, ಸುಮಾರು ಕ್ರಿ.ಶ. 450ರದು, ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು ಎಂದು ಎಲ್ಲರೂ ಕೊಂಡಾಡುತ್ತಾರಲ್ಲ, ಅದರಲ್ಲಿರುವುದೂ ಹಳ್ಳಿಗಳನ್ನು ದತ್ತಿ ಕೊಟ್ಟ ಸಂಗತಿಯೇ. ಅಂದರೆ ಅದನ್ನು ಬರೆದವನು ನನ್ನ ಜಾತಿಯವನು, ಕಸುಬಿನ ಜಾತಿ. ಇದು ಇಲ್ಲಿಗೆ ಜರ್ಮೇನ್ ಅಲ್ಲ, ಗೊತ್ತು. ಹೇಳದೆ ಇರಲಾಗಲಿಲ್ಲ.

ಪತ್ರ ಬರೆಯುವಾಗ ನಾವು ಚೆಕ್ಕುಬಂದಿ ಹಾಕುತ್ತೇವೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಹಳ್ಳವೋ ದಾರಿಯೋ, ಉತ್ತರಕ್ಕೆ, ದಕ್ಷಿಣಕ್ಕೆ. ಮಾರುತ್ತಿರುವುದು ಪೂರ್ವದವನ ಜಮೀನಲ್ಲ. ಆದರೂ ಅದನ್ನು ಬರೆಯದಿದ್ದರೆ ನಮ್ಮ ಜಮೀನು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಅದು ಪತ್ರಕ್ಕೆ ಬೇಕು. ಪೂರ್ವದವನ ಆಚೆಯವನು ಬೇಡ. ಅವನು ಎಷ್ಟೇ ದೊಡ್ಡ ಸಾಹುಕಾರನಾಗಿರಲಿ, ಎಷ್ಟೇ ಒಳ್ಳೆಯವನಾಗಿರಲಿ, ಅವನ ಹೆಸರು ಪತ್ರದಲ್ಲಿ ಬರುವುದಿಲ್ಲ. ಗಡಿಗೆ ಗಡಿ ತಾಕಬೇಕು.

ನ್ಯಾಯಾಲಯದಲ್ಲಿಯೂ ಇದೇ. 1872ರ ಸಾಕ್ಷ್ಯ ಕಾಯಿದೆ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಎರಡೂ ಹೇಳುವುದು ಒಂದೇ: ವಿವಾದದಲ್ಲಿರುವ ಸಂಗತಿಗೆ ಮತ್ತು ಅದಕ್ಕೆ ಸುಸಂಗತವಾದ ಸಂಗತಿಗಳಿಗೆ ಸಾಕ್ಷ್ಯ ಕೊಡಬಹುದು, ಬೇರೆಯದಕ್ಕೆ ಇಲ್ಲ. ಕಾನೂನು ಬರಹದಲ್ಲಿ ಸುಸಂಗತ ಎಂಬ ಪದ ಉಳಿದುಕೊಂಡಿರುವುದು ಇದಕ್ಕಾಗಿ. ಪ್ರಸ್ತುತ ಎಂದು ಬರೆದರೆ ಈಗಿನ ಎಂದು ಓದುವವರಿದ್ದಾರೆ, ಉಪನ್ಯಾಸಕರು ಹೇಳಿದ್ದು ನಿಜ.

ಈಗ ಕಹಿ ಮಾತು. ಅಮ್ಮ, ನಿಮ್ಮ ನಾಲ್ಕನೆಯ ಪ್ಯಾರಾ ನಿಜವಾಗಿಯೂ ಜರ್ಮೇನ್ ಅಲ್ಲ. ಆ ವಕೀಲರು ಸರಿಯಾಗಿಯೇ ಬರೆದಿದ್ದಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಪಾಲು ಹುಟ್ಟಿನಿಂದ ಬರುವುದು. ಚೀಲ ತುಂಬಿದ್ದಕ್ಕಲ್ಲ, ತಾಯಿಯನ್ನು ನೋಡಿಕೊಂಡದ್ದಕ್ಕಲ್ಲ. ಏನೂ ಮಾಡದೆ ವರ್ಷಕ್ಕೊಮ್ಮೆ ಗೌರಿಹಬ್ಬಕ್ಕೆ ಬಂದು ಬಾಗಿನ ತೆಗೆದುಕೊಂಡು ಹೋದ ಮಗಳಿಗೂ ಅಷ್ಟೇ ಪಾಲು.

ಆದರೆ ಈ ಕತ್ತರಿಗೆ ಎರಡು ಅಲಗು. ಅವರ ಉತ್ತರದಲ್ಲಿ ನಿಮ್ಮ ಮದುವೆಗೆ ಇಷ್ಟು ಖರ್ಚಾಯಿತು, ಇಷ್ಟು ಬಂಗಾರ ಹಾಕಿದೆವು ಎಂದು ಬರೆದಿರಲೇಬೇಕು. ಇಂಥ ಉತ್ತರಗಳಲ್ಲಿ ಅದು ಉಪ್ಪಿನಕಾಯಿಯಂತೆ, ಇಲ್ಲದ ಎಲೆ ನಾನು ನೋಡಿಲ್ಲ. ನಿಮ್ಮ ಹುಟ್ಟಿನ ಹಕ್ಕಿಗೆ ಅದೂ ಅಡ್ಡ ಬರುವುದಿಲ್ಲ. ನಿಮ್ಮದು ಜರ್ಮೇನ್ ಅಲ್ಲದಿದ್ದರೆ ಅವರದೂ ಅಲ್ಲ.

ಜರ್ಮೇನ್ ಯಾವುದು ಎಂದು ಕೇಳಿ, ಹೇಳುತ್ತೇನೆ. ನೀವು 1991ರಲ್ಲಿ ಮದುವೆಯಾದಿರಿ. ಕರ್ನಾಟಕ 1994ರಲ್ಲಿ ತಂದ ತಿದ್ದುಪಡಿಯಲ್ಲಿ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳು ಹೊರಗುಳಿದರು. ಬಹಳ ಜನ ಅಲ್ಲಿಗೇ ಕೈಚೆಲ್ಲಿ ಕೂತಿದ್ದಾರೆ. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲಿ ಮದುವೆಯಾದವರು, ಆಗದವರು ಎಂಬ ಭೇದವಿಲ್ಲ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದ ಬರುವುದೆಂದು ಸ್ಪಷ್ಟಪಡಿಸಿತು. ತಡೆ ಇರುವುದು ಮುಖ್ಯವಾಗಿ ಒಂದು ಕಡೆ: 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪಟ್ಟಿಯೋ ನ್ಯಾಯಾಲಯದ ಡಿಕ್ರಿಯೋ ಇದ್ದರೆ ಅದನ್ನು ಈ ಕಾಯಿದೆ ಮುಟ್ಟುವುದಿಲ್ಲ. ಬಾಯಿಮಾತಿನಲ್ಲಿ ಆಗಲೇ ಪಾಲಾಗಿತ್ತು ಎಂದರೆ ನ್ಯಾಯಾಲಯ ಸುಲಭಕ್ಕೆ ಒಪ್ಪುವುದಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆಗಳು ಎರಡೇ. ತೋಟ ಪಿತ್ರಾರ್ಜಿತವೋ, ನಿಮ್ಮ ತಂದೆ ಸ್ವಂತ ದುಡಿಮೆಯಿಂದ ಕೊಂಡದ್ದೋ? ಆ ತಾರೀಖಿಗೆ ಮೊದಲು ನೋಂದಾಯಿತ ವಿಭಾಗ ಪತ್ರ ಇದೆಯೋ, ಇಲ್ಲವೋ? ಋಣಭಾರ ಪತ್ರ ತೆಗೆಸಿ, ಹಳೆಯ ಪಹಣಿ ತೆಗೆಸಿ, ನಿಮ್ಮ ವಕೀಲರ ಮುಂದೆ ಇಡಿ. ಅವು ಒಡಹುಟ್ಟಿದ ಕಾಗದಗಳು. ಉಳಿದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಸೂಜಿದಾರ, ಹಾಸನ

ಉತ್ತರಿಸಲು ತಡವಾಯಿತು, ಮದುವೆ ಕಾಲ, ಇಪ್ಪತ್ತೆರಡು ರವಿಕೆ ಬಾಕಿ ಇದ್ದವು.

ಬರಹಗಾರರೇ, ನೀವು ಜ್ಯೋತಿಷ್ಯವನ್ನೂ ಹೇಳುತ್ತೀರೇನು? ಎರಡನೆಯ ಪುಟದಲ್ಲಿ ಮದುವೆ ಖರ್ಚೂ ಇದೆ, ಬಂಗಾರವೂ ಇದೆ. ಹದಿನೆಂಟು ತೊಲ ಎಂದು ಬರೆದಿದ್ದಾರೆ. ಹಾಕಿದ್ದು ಹನ್ನೊಂದು. ಈ ಏಳು ತೊಲದ ಬಗ್ಗೆ ಜಗಳ ಮಾಡಬೇಕು ಎಂದು ಬಾಯಿಗೆ ಬಂದಿತ್ತು, ನಿಮ್ಮ ಮಾತು ಓದಿದ ಮೇಲೆ ನುಂಗಿಕೊಂಡೆ. ಹನ್ನೊಂದಾದರೇನು, ಹದಿನೆಂಟಾದರೇನು.

ಒಡಹುಟ್ಟಿದ ಎಂಬ ಅರ್ಥ ಓದಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಉಪನ್ಯಾಸಕರು ಅದನ್ನು ಬಚ್ಚಿಡಲು ಹೋದದ್ದು ಅವರ ಒಳ್ಳೆಯತನ. ಮಲಗಿದಲ್ಲೇ ಯೋಚಿಸುತ್ತಿದ್ದಾಗ ನಮ್ಮದೇ ಮಾತೊಂದು ನೆನಪಾಯಿತು. ಅಮ್ಮ ಯಾವಾಗಲೂ "ಅದಕ್ಕೂ ಇದಕ್ಕೂ ಏನು ನಂಟು?" ಎನ್ನುತ್ತಿದ್ದರು. ನಾವು ಮಕ್ಕಳು ಲೆಕ್ಕ ತಪ್ಪಿ ಏನಾದರೂ ನೆಪ ಹೇಳಿದರೆ ಇದೇ ಮಾತು. ನಂಟು ಎಂದರೆ ಸಂಬಂಧ, ಅದೇ ನಂಟು ಇದ್ದವನು ನೆಂಟ. ಆ ಲ್ಯಾಟಿನ್ನಿನವರು ಒಡಹುಟ್ಟಿದವರಿಂದ ಎತ್ತಿಕೊಂಡದ್ದನ್ನು ನಾವು ನೆಂಟರಿಂದ ಎತ್ತಿಕೊಂಡಿದ್ದೇವೆ. ಸಂಬಂಧಪಟ್ಟದ್ದು ಎನ್ನುತ್ತೇವೆ, ಹೆಣ್ಣು ಕೊಟ್ಟು ತರುವುದಕ್ಕೂ ಸಂಬಂಧ ಬೆಳೆಸುವುದು ಎನ್ನುತ್ತೇವೆ. ಅದಕ್ಕೇ ನನ್ನ ಮಟ್ಟಿಗೆ ಜರ್ಮೇನ್ ಎಂಬುದಕ್ಕೆ ಅರ್ಥ ಬರೆದುಕೊಂಡಾಯಿತು: ನಂಟಿರುವುದು. ನಿಘಂಟಿನ ಮೂರು ಪದಗಳಿಗಿಂತ ಇದು ನನಗೆ ಅಳತೆಗೆ ಸರಿಯಾಗಿದೆ. ವಕೀಲರು ಸುಸಂಗತ ಎಂದು ಬರೆಯಲಿ, ಅವರ ಬಟ್ಟೆ ಅವರಿಗೆ.

ತೋಟ ಅಜ್ಜನದು, ಹಳೆಯ ಪಹಣಿಯಲ್ಲಿ ಅವರ ಹೆಸರೇ ಇದೆ. ಋಣಭಾರ ಪತ್ರಕ್ಕೆ ಅರ್ಜಿ ಹಾಕಿದ್ದೇನೆ. ನನಗೆ ಗೊತ್ತಿರುವ ಮಟ್ಟಿಗೆ ಅಪ್ಪ ಬದುಕಿರುವಾಗ ಯಾವ ಪತ್ರವೂ ಆಗಿಲ್ಲ, ಅವರಿಗೆ ಉಪನೋಂದಣಿ ಕಚೇರಿ ಎಂದರೆ ಆಸ್ಪತ್ರೆಗಿಂತ ಹೆಚ್ಚು ಭಯವಿತ್ತು.

ನಾಲ್ಕನೆಯ ಪ್ಯಾರಾ ದಾವೆಯಲ್ಲಿ ಬೇಡ ಎಂದು ನನ್ನ ವಕೀಲರಿಗೆ ಹೇಳಿದೆ. ಅವರಿಗೆ ನಿರಾಳವಾದಂತೆ ಕಂಡಿತು, ಮೊದಲಿನಿಂದಲೂ ಅವರಿಗೆ ಅದು ಬೇಕಿರಲಿಲ್ಲ. ಆದರೆ ಬರೆದದ್ದನ್ನು ಹರಿದು ಬಿಸಾಡಲು ಮನಸ್ಸು ಬರಲಿಲ್ಲ. ಕನ್ನಡದಲ್ಲಿ ನಾನೇ ಕೈಯಲ್ಲಿ ಬರೆದು, ಕೊನೆಗೆ ಅಮ್ಮನ ಔಷಧಿ ಚೀಟಿಯ ಒಂದು ಪ್ರತಿ ಇಟ್ಟು, ಚಿಕ್ಕ ತಮ್ಮ ಒಬ್ಬನಿಗೇ ಸಾದಾ ಅಂಚೆಯಲ್ಲಿ ಹಾಕಿದೆ. ವಕೀಲರ ಮೂಲಕ ಅಲ್ಲ. ಅವನು ಟೋಪಿ ಸಸಿಗಳನ್ನು ಕಿತ್ತು ಕಿತ್ತು ನನ್ನ ಕೈಗೆ ಕೊಡುತ್ತಿದ್ದ, ಎರಡನೆಯ ತರಗತಿಯಲ್ಲಿದ್ದಾಗ. ದಾವೆಗೆ ಅದು ಬೇಡವಾದರೆ ಬೇಡ, ಅವನಿಗೆ ಗೊತ್ತಿರಲಿ.

ಮೂಡಿಗೆರೆಯವರೇ, ಚಿಟ್ಟೆ ಹಂತದಲ್ಲಿ ಕಿತ್ತರೆ ಬೇರು ಡೊಂಕಾಗುತ್ತದೆ ಎಂದು ನಮ್ಮ ಅಪ್ಪ ಟೋಪಿಯಲ್ಲೇ ಕೀಳಿಸುತ್ತಿದ್ದರು. ನೀವು ಹೇಗೆ ಮಾಡುತ್ತೀರಿ?

ಇನ್ನೊಂದು. ಅದೇ ಉತ್ತರದ ಮೊದಲ ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ "ವಿತೌಟ್ ಪ್ರಿಜುಡೀಸ್" ಎಂದಿದೆ. ಪೂರ್ವಗ್ರಹವಿಲ್ಲದೆ ಎಂದು ನಿಘಂಟು ಹೇಳುತ್ತದೆ. ಮೂರು ಪುಟ ಓದಿದ ಮೇಲೆ ಅದನ್ನು ನಾನು ನಂಬುವ ಹಾಗಿಲ್ಲ. ಇದಕ್ಕೆ ಬೇರೇನಾದರೂ ಅರ್ಥವಿದೆಯೇ?

ಚುಟುಕು, ಅರಸೀಕೆರೆ

ಇದೆ. ಬೇರೆ ಪ್ರಶ್ನೆಯಾಗಿ ಹಾಕಿ. ಇಲ್ಲಿ ಅದು ಜರ್ಮೇನ್ ಅಲ್ಲ.